ಬಿಚ್ಚುವವನಿಗೆ

ಗಾಂಧಿನಗರದ ಮೂರನೇ ಮಹಡಿ.
ಅದಿರಿನ ಕಂಪನಿ ಬಾಗಿಲು ಹಾಕಿ ಎಷ್ಟು ವರ್ಷವಾಯಿತೋ,
ಧೂಳು ಮಾತ್ರ ಇನ್ನೂ ಕೆಲಸಕ್ಕೆ ಬರುತ್ತಿದೆ.
ಟೇಬಲ್ಲು, ಕಿಟಕಿ, ಸತ್ತ ಎ.ಸಿ.ಯ ಬಾಯಿ,
ಎಲ್ಲದರ ಮೇಲೂ ಕೆಂಪಗೆ ಸಹಿ.

ಕ್ಯಾಬಿನ್ನು ಹನ್ನೊಂದು.
ಒಡೆದು ಎಸೆದರೆ ಒಂದು ದಿನ, ಬಿಚ್ಚಿದರೆ ನಾಲ್ಕು.
"ಒಡಿ ಮಾರಾಯ, ರಿಂಗ್ ರೋಡಿನ್ಯಾಗ ಸುರಿದು ಬರಾಣ" ಅಂದ
ಟ್ರ್ಯಾಕ್ಟರಿನ ಗಾದಿಲಿಂಗ.
ನಾನು ತುಕ್ಕು ಹಿಡಿದ ಸ್ಕ್ರೂಗೆ ಸೀಮೆಎಣ್ಣೆ ಬಿಟ್ಟು
ಒಂದು ಬೀಡಿ ಮುಗಿಯುವಷ್ಟು ಕಾದೆ.

ಗೋಡೆ ಅಂದರೆ ಗೋಡೆಯಲ್ಲ ಇದು,
ಏಳಡಿಗೇ ನಿಂತುಬಿಡುವ, ಸೂರು ಮುಟ್ಟದ ಹಲಗೆ.
ಮಾತೆಲ್ಲ ಮೇಲಿಂದ ದಾಟುತ್ತದೆ,
ಆಡಿದವರ ಮುಖ ಕಾಣುವುದಿಲ್ಲ.
ಅಷ್ಟೇ ಸಾಕಾಗಿತ್ತು ಅವರಿಗೆ.

ಗುಂಡುಪಿನ್ನಿನ ತೂತು. ಕ್ಯಾಲೆಂಡರಿನಷ್ಟು ಅಗಲ ಮಾಸದ ಬಣ್ಣ.
ಬಾಲ್‌ಪೆನ್ನಿನಲ್ಲಿ ಲಾರಿ ನಂಬರು, ಪಕ್ಕಕ್ಕೆ ಟನ್ನು, ಟನ್ನಿನ ಮೇಲೆ ಕಾಟು.
ಕೆಳಗೊಂದು ಮೂಲೆಯಲ್ಲಿ
ಉಗುರಿನಿಂದ ಕೆರೆದ ಸಣ್ಣ ಮೀನು.
ಯಾರ ಬೇಸರವೋ.

ಆರನೆಯ ಹಲಗೆ ತಿರುವಿದೆ. ಹಿಂಬದಿ ಪೆನ್ಸಿಲ್ಲು:
ಎಡ ೬. ನಾಲ್ಕೂಕಾಲು, ಏಳು. ಬಾಕಿ ಸಾವಿರದ ನಾನೂರು.
ಆ ಆರಂಕಿಯ ಹೊಟ್ಟೆ ಎಲ್ಲೋ ನೋಡಿದಂತಿದೆ ಅನ್ನಿಸಿ
ಬೀಡಿ ಕೆಳಗಿಟ್ಟೆ.

ನನ್ನದೇ ಅಕ್ಷರ.
ಈ ಕಂಪನಿಗೆ ಮಾಡಿದ್ದಲ್ಲ.
ಮೀಸೆ ಕಪ್ಪಗಿದ್ದಾಗ ಮೋತಿ ಸರ್ಕಲಿನ ಚಿಟ್‌ಫಂಡಿಗೆ ನಿಲ್ಲಿಸಿದ್ದು.
ನಾಳೆ ಬಾ ಅನ್ನುತ್ತಿದ್ದರು.
ಕಡೆಯ ನಾಳೆಗೆ ಬೀಗ ಜೋತಾಡುತ್ತಿತ್ತು.
ಆಮೇಲೆ ಯಾರೋ ನನ್ನಂಥವನೇ
ಬಿಚ್ಚಿ, ಹೊತ್ತು, ಮೂರು ಮಹಡಿ ಹತ್ತಿಸಿ ಕೂಡಿಸಿದ್ದಾನೆ.
ಹೊಸ ತೂತು ಕೊರೆದಿಲ್ಲ.
ಅವನ ಸ್ಕ್ರೂ ನನ್ನ ತೂತಿನಲ್ಲೇ ಕೂತಿದೆ.

ಕೌಲ್‌ಬಜಾರಿನ ಸಂದಿ, ಮಾಬುನ್ನಿಯ ಶೆಡ್ಡು.
ಇಪ್ಪತ್ತೆರಡು ಮಷಿನ್ನು, ಇಪ್ಪತ್ತೆರಡು ಹೆಂಗಸರು, ಏಳು ಕೂಸು.
"ಕೂಸು ಮಲಗಾಕ ಒಂದು ಕೋಣಿ ಆಗಬೇಕು.
ಮಷಿನ್ ಸಪ್ಪಳ ಒಳಗ ಬರಬಾರದು."
ಬರೀ ಹಲಗೆ ತಡೆಯೋದಿಲ್ಲಕ್ಕ, ಡೋಲಿನಂಗ ಬಡಿತೈತಿ, ಅಂದೆ.
ಅವಳು ಕಾಲಿನಿಂದ ಒಂದು ಚೀಲ ನನ್ನತ್ತ ತಳ್ಳಿದಳು.
ಜೀನ್ಸ್ ಕತ್ತರಿಸಿ ಉಳಿದ ಚೂರು,
ಸುಡಲೆಂದು ಕಟ್ಟಿಟ್ಟದ್ದು.

ಪಿಂಜಾರರ ರಾಜಾಸಾಬ ಬಂದ.
ಅವರಪ್ಪ ಬಿಲ್ಲು ಮೀಟಿ ಅರಳೆ ಹಿಂಜಿದವ;
ಫೋಮು ಬಂದ ಮೇಲೆ ಬಿಲ್ಲು ಅಟ್ಟ ಏರಿತ್ತು.
ಚೂರು ಬಿಡಿಸಿ ಬಿಡಿಸಿ, ಎರಡು ಹಲಗೆಯ ನಡುವೆ
ಮೂಲೆಗೆ ಬೆರಳಿಂದ ಒತ್ತಿ ತುಂಬಿದ.
"ನಿಂತ ಗಾದಿ ನೋಡಿದು" ಅಂದು ನಕ್ಕ.
ಅಲ್ಲಲ್ಲಿ ಅಡ್ಡ ಹೊಲಿಗೆ ಹಾಕಿದ, ಇಲ್ಲದಿದ್ದರೆ ಕುಸಿಯುತ್ತದಂತೆ.
ಅದು ನನಗೆ ಗೊತ್ತಿರಲಿಲ್ಲ.

ಬಾಗಿಲ ಗಾಜಿನ ಮೇಲೆ
'ಅನುಮತಿ ಇಲ್ಲದೆ ಒಳಗೆ ಬರಬಾರದು'.
ಕೆರೆಯಲು ಹೋದೆ. ಇರಲಿ ಬಿಡು ಅಂದಳು ಮಾಬುನ್ನಿ.

ಹಾಕಿಕೊಂಡು ಒಳಗೆ ನಿಂತೆ.
ಸಪ್ಪಳ ನಿಲ್ಲಲಿಲ್ಲ, ಸುಳ್ಳೇಕೆ.
ದೂರ ಹೋಯಿತು,
ಪಕ್ಕದೋಣಿಯ ಬೀಸುಕಲ್ಲಿನಷ್ಟು.
ಒಂದು ಕೂಸು ಮಗ್ಗುಲಾಗಿ
ಮೀನಿನ ಮೇಲೆ ಬೆರಳಿಟ್ಟಿತು.

ಕಡೆಯ ಹಲಗೆ ಮುಚ್ಚುವ ಮುಂಚೆ
ಪೆನ್ಸಿಲ್ಲಿಗೆ ತಡಕಾಡಿದೆ. ಕಿವಿಯ ಮೇಲಿತ್ತು.
ಸಾವಿರದ ನಾನೂರನ್ನು ಹೊಡೆದುಹಾಕಲಿಲ್ಲ,
ಲೆಕ್ಕ ಲೆಕ್ಕವೇ.
ಅದರ ಕೆಳಗೆ ಬರೆದೆ:
ಒಡೆಯಬೇಡ, ಒಳಗೆ ಬಟ್ಟೆ ಇದೆ.
ಕೆಳಗಿನ ಸ್ಕ್ರೂ ಮೊದಲು.
ಎಡಗಡೆಯದು ಜಗಮೊಂಡಿ, ಸೀಮೆಎಣ್ಣೆ ಬಿಟ್ಟು ಕಾಯಿ.

ಕೂಲಿ ಎಣಿಸಿಕೊಂಡು ಬೀದಿಗೆ ಬಂದ ಮೇಲೆ ಹೊಳೆಯಿತು:
ಬಿಚ್ಚುವುದು ಹೇಗೆಂದು ಬರೆದ ಜಾಗ
ಬಿಚ್ಚಿದ ಮೇಲಷ್ಟೇ ಕಾಣುತ್ತದೆ.

ಇರಲಿ.
ಅಷ್ಟೊತ್ತಿಗೆ ಅವನಿಗೇ ತಿಳಿದಿರುತ್ತದೆ.