ಟವೆಲ್ ಕಂಬಿ

ಗ್ರಿಮ್ಸ್‌ಬಿ, ಮಂಗಳವಾರ, ಮಹಡಿಯ ಮೇಲಿನ ಬಚ್ಚಲು.
ಹಳೆಯ ತೊಟ್ಟಿ ನಿನ್ನೆಯೇ ಮೆಟ್ಟಿಲಿಳಿದಿದೆ
ನಾಲ್ಕು ಜನರ ಹೆಗಲ ಮೇಲೆ.
ಹೆಣ ಹೊತ್ತ ಹಾಗಿದೆ ಅಂದ ಕ್ಲೈವ್,
ಮನೆಯೊಡತಿ ಹಿಂದೆಯೇ ಇರುವುದು ಕಂಡು ನಾಲಿಗೆ ಕಚ್ಚಿದ.

ಉಳಿದದ್ದು ಬೆತ್ತಲೆ ಗೋಡೆ, ಬಾಯಿ ಕಟ್ಟಿದ ಎರಡು ಕೊಳವೆ,
ಬಾಗಿಲ ಹೊರಗೆ ರಟ್ಟಿನೊಳಗೆ ಕಾದಿರುವ ಬೇಸಿನ್ ಕಪಾಟು,
ಹದಿನಾಲ್ಕು ಡಬ್ಬ ಬಿಳಿ ಟೈಲು,
ಮತ್ತೆ ನನಗೂ ಕ್ಲೈವನಿಗೂ ಇಪ್ಪತ್ತು ವರ್ಷದ ಜಗಳ.

ಮೊದಲು ಕಪಾಟು, ಅನ್ನುತ್ತಾನೆ ಅವನು.
ಕಾಣದ ಬೆನ್ನಿಗೆ ಯಾಕೆ ಜರತಾರಿ?
ನಿಲ್ಲಿಸು, ಸುತ್ತ ಹಚ್ಚು, ಎರಡು ಡಬ್ಬ ಉಳಿಯಿತು,
ಐದಕ್ಕೆ ಮನೆ.

ಮೊದಲು ಟೈಲು, ಅನ್ನುತ್ತೇನೆ ನಾನು.
ಕಪಾಟಿಗೆ ಆಯುಷ್ಯ ಹತ್ತು ವರ್ಷ. ಗೋಡೆಗೆ?
ನಾಳೆ ಯಾರೋ ಅದನ್ನು ಕಿತ್ತರೆ ಕಾಣುವುದು
ಹಲ್ಲು ಬಿದ್ದ ಬಾಯಿ. ಆಗ ಬೈಸಿಕೊಳ್ಳುವವಳು ಟೈಲಿನವಳು,
ನಲ್ಲಿಯವನನ್ನು ಯಾರೂ ಬೈಯುವುದಿಲ್ಲ.

ನೆಲ ಮೊದಲೋ ಗೋಡೆ ಮೊದಲೋ, ಅದು ಇನ್ನೊಂದು ಅಧ್ಯಾಯ.
ಎರಡು ಲೋಟ ಚಹಾ ಅದಕ್ಕೇ ಮುಗಿಯಿತು.
ಕ್ಲೈವ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ
ಒಂದು ಎರಡು ಮೂರು ಬರೆದ; ನಾನು ಅಳಿಸಿ
ಮೂರು ಒಂದು ಎರಡು ಮಾಡಿದೆ.
ರಸಮಟ್ಟದ ಗುಳ್ಳೆ ಯಾರ ಪಕ್ಷವನ್ನೂ ವಹಿಸದೆ
ಈ ಮನೆಯೇ ಹಡಗುಕಟ್ಟೆಯ ಕಡೆ ಕಾಲಿಂಚು ವಾಲಿದೆ ಎಂದಿತು.

ಆಗ ಮಿಸೆಸ್ ಸ್ಕೆಲ್ಟನ್, ಬಿಸ್ಕತ್ತಿನ ತಟ್ಟೆ ಹಿಡಿದವಳು,
"ಕಂಬಿ ಎಲ್ಲಿ ಬರುತ್ತೆ?" ಅಂದಳು.

ಯಾವ ಕಂಬಿ?

ತಟ್ಟೆ ಇಳಿಸಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ:
"ವಿಲ್ಫ್ ಹಿಡಿದುಕೊಳ್ಳೋಕೆ. ಜನವರಿಯಲ್ಲಿ ಎರಡು ಸಲ ಬಿದ್ದ.
ಕೇಳಿದರೆ, ಕೂತಿದ್ದೆ ಅಂತಾನೆ."

ನಾವಿಬ್ಬರೂ ಗೋಡೆ ನೋಡಿದೆವು.
ಟೈಲಿಗೂ ಮೊದಲು, ಕಪಾಟಿಗೂ ಮೊದಲು
ಈ ಪೊಳ್ಳು ಹಲಗೆಯ ಹಿಂದೆ ಒಂದು ಮರದ ತುಂಡು ಕೂರಬೇಕು.
ಟೈಲು ಭಾರ ಹೊರುವುದಿಲ್ಲ, ಹೊತ್ತಂತೆ ಕಾಣುತ್ತದೆ ಅಷ್ಟೆ;
ಎಪ್ಪತ್ತೊಂಬತ್ತರ ಮೈ ಒಮ್ಮೆ ಜಗ್ಗಿದರೆ
ಕಂಬಿ, ಟೈಲು, ಮುದುಕ, ಮೂರೂ ಒಟ್ಟಿಗೆ ನೆಲಕ್ಕೆ.

ಎಷ್ಟು ಎತ್ತರಕ್ಕೆ? ಪುಸ್ತಕದಲ್ಲಿ ಒಂದು ಅಳತೆ ಇದೆ.
ಪುಸ್ತಕದ ಅಳತೆಯ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ.
ಅವರೇ ಬಂದು ನಿಲ್ಲಬೇಕು, ಅಂದೆ.
"ಬರಲ್ಲ," ಅಂದಳು.

ಬರಲಿಲ್ಲ. ಮೂವತ್ತೆಂಟು ವರ್ಷ ಕಟ್ಟೆಯಲ್ಲಿ ಹ್ಯಾಡಕ್ ಸೀಳಿದವ,
ಮೀನಿನ ಲೋಳೆಯ ನೆಲದ ಮೇಲೆ ಒಮ್ಮೆಯೂ ಜಾರದವ,
ಕೆಳಗೆ ಟಿವಿಯಲ್ಲಿ ಕುದುರೆ ಪಂದ್ಯ ಹಾಕಿ ಕೂತಿದ್ದ.
ಕಂಬಿ ಎಣಿಸುವಂಥದ್ದು ನಾನೇನು ಮಾಡಿದ್ದೇನೆ, ಅಂದನಂತೆ.

ಮೂರು ಗಂಟೆ. ಗಾರೆ ಕಲಸಿಲ್ಲ. ಗೋಡೆ ತೆರೆದೇ ಇದೆ.
ಕ್ಲೈವ್, ಇಷ್ಟು ವರ್ಷದಲ್ಲಿ ನನಗೆ ಒಂದು ಮಾತೂ ಸೋಲದ ಕ್ಲೈವ್,
ಮೆಟ್ಟಿಲ ಮೇಲಿನಿಂದ ಕೂಗಿದ:
"ವಿಲ್ಫ್, ಟವೆಲ್ ಕಂಬಿ ಎಲ್ಲಿ ಹಾಕಲಿ?
ಈ ಕುಳ್ಳಿ ತನ್ನ ಎತ್ತರಕ್ಕೆ ಹಾಕು ಅಂತಿದ್ದಾಳೆ."

ಒಂದು ಕುದುರೆ ಓಡಿ ಮುಗಿಸುವಷ್ಟು ಹೊತ್ತು.
ಆಮೇಲೆ ಮೆಟ್ಟಿಲು, ಒಂದೊಂದಾಗಿ,
ಕಟಾಂಜನಕ್ಕೆ ಅಂಗೈ ಉಜ್ಜುವ ಸದ್ದು.
ಬಂದ. ಚಪ್ಪಲಿ ಬಿಟ್ಟು ಇಲ್ಲದ ಶವರಿನ ಕೆಳಗೆ ನಿಂತ.
ಇಲ್ಲದ ಸೋಪಿಗೆ ಕಣ್ಣು ಮುಚ್ಚಿ
ಬಲಗೈ ಚಾಚಿದ.
ಚಾಕು ಹಿಡಿದೇ ಬಾಗಿದ ಬೆರಳು ಗೋಡೆಗೆ ತಾಗಿದವು.
"ಟವೆಲು ಇಲ್ಲಿರಬೇಕು," ಅಂದ.

ಆ ಕೈಯ ಕೆಳಗೆ ಒಂದು ಗೆರೆ ಎಳೆದೆ.
ಮಿಸೆಸ್ ಸ್ಕೆಲ್ಟನ್ ಕಿಟಕಿಯ ಕಡೆ ತಿರುಗಿ
ಬಿಸ್ಕತ್ತು ಎಣಿಸುತ್ತಿದ್ದಳು.

ಆಮೇಲೆ ಮರ. ಹಲಗೆ. ನೀರು ತಡೆಯುವ ಬಣ್ಣ, ಎರಡು ಕೈ.
ಟೈಲು ಕಪಾಟಿನ ಬೆನ್ನಿಗೂ ಹೋಯಿತೋ ಇಲ್ಲವೋ
ಅದು ನನಗೂ ಕ್ಲೈವನಿಗೂ ಬಿಟ್ಟದ್ದು, ಹೇಳುವುದಿಲ್ಲ.

ಶನಿವಾರ ಬಾಕಿ ಹಣಕ್ಕೆ ಹೋದೆ.
ಕಂಬಿಯ ಒಂದು ತುದಿಗೆ ನೀಲಿ ಟವೆಲು,
ಇಸ್ತ್ರಿಯ ಮಡಿಕೆ ಮುರಿಯದ್ದು, ಒಣಗಿದ್ದು.
ಅದರ ಪಕ್ಕ, ಉಕ್ಕಿನ ಮೇಲೆ,
ಅಂಗೈಯಗಲ ತೇವ.