ಲಾಮುವಿನ ಅರದವಳು

ಗರಗಸ ಇಲ್ಲಿಡು. ಹೆಸರು ಆಮೇಲೆ ಹೇಳುವೆಯಂತೆ.
ಬೆಳಕಿಗೆ ಹಿಡಿದು ಹಲ್ಲಿನ ಸಾಲು ನೋಡುತ್ತೇನೆ
ಒಂದು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವವಳ ಹಾಗೆ.
ನಡುವೆ ತಗ್ಗಿದ್ದರೆ ನೀನು ಗಿಡ್ಡ ಎಳೆತದವನು,
ಇಡೀ ಅಲಗು ದುಡಿಸಲು ತಾಳ್ಮೆ ಸಾಲದವನು.
ಎಡಸಾಲು ಮೊಂಡಾಗಿ ಬಲಸಾಲು ಚೂಪುಳಿದಿದ್ದರೆ
ಗೆರೆ ಬಿಟ್ಟು ಬಲಕ್ಕೆ ಓಡುತ್ತದೆ ಕೊಯ್ತ.
ನೀನು ಮರವನ್ನು ಬೈಯುತ್ತೀಯ.

ಕೊಂಬೊ ತರುವಾಗೆಲ್ಲ ಒಂದು ಹಲ್ಲು ಮುರಿದಿರುತ್ತಿತ್ತು:
ಒಡೆದ ದೋಣಿಯ ಹಳೆ ಹಲಗೆ, ಒಳಗೆ ಮೊಳೆ.
"ಮೊಳೆ ಇರಲೇ ಇಲ್ಲ" ಅನ್ನುತ್ತಿದ್ದ.
ಗರಗಸ ನನ್ನ ತೊಡೆಯ ಮೇಲಿತ್ತು.

ಶೆಕುವೆಯದೊಂದು ಮಾತ್ರ
ಹಿಡಿಯಿಂದ ಮೂತಿಯವರೆಗೆ ಒಂದೇ ಸಮ ಸವೆದಿರುತ್ತಿತ್ತು.
ಕೆಲಸ ಕಡಿಮೆ. ಆದರೂ ಅದನ್ನು
ಎರಡು ದಿನ ಹೆಚ್ಚು ಇಟ್ಟುಕೊಳ್ಳುತ್ತಿದ್ದೆ.
ಕಾರಣ ಯಾರೂ ಕೇಳಲಿಲ್ಲ, ಅವನೂ.

ಅಪ್ಪ ಫಮಾವು ಕಣ್ಣಿಗೆ ಪೊರೆ ಬಂದಮೇಲೂ
ಎರಡು ವರ್ಷ ಅರ ಹಿಡಿದ, ಕಿವಿಯಲ್ಲಿ ನೋಡಿಕೊಂಡು.
ಮೊದಲ ಉಜ್ಜು ಕಿರಿಚುತ್ತದೆ,
ಎರಡನೆಯದು ಗೊಣಗುತ್ತದೆ,
ಮೂರನೆಯದು ಸುಮ್ಮನಾಯಿತೋ, ಮುಂದಿನ ಹಲ್ಲಿಗೆ ಹೋಗು.
ನನಗೆ ಕಲಿಸಿದ್ದು ಇಷ್ಟೇ.
ಇನ್ನೊಂದಿದೆ: ಅರವನ್ನು ಹಿಂದಕ್ಕೆ ಎಳೆಯಬೇಡ, ಎತ್ತಿ ತಾ.
ಎಳೆದರೆ ಅರ ಸಾಯುತ್ತದೆ,
ಹೊಸ ಅರ ಮೊಂಬಾಸಾದಿಂದ ಬರಬೇಕು.

ಕುಸಿ ಗಾಳಿ ಇಳಿಯುವ ಹೊತ್ತಿಗೆ ಬಂದ ಹುಡುಗ, ಅಬೂದಿ.
ಹಳದಿ ಪ್ಲಾಸ್ಟಿಕ್ ಹಿಡಿ, ಹಲ್ಲಿನ ತುದಿಗಳೆಲ್ಲ ನೀಲಿಗಪ್ಪು.
ಅರ ಇಟ್ಟೆ. ಜಾರಿತು,
ಇಳಿತದ ಹೊತ್ತು ಪಾಚಿಗಲ್ಲ ಮೇಲೆ ಕಾಲು ಜಾರಿದ ಹಾಗೆ.
"ಇದಕ್ಕೆ ಸಾಣೆ ಹಿಡಿಯುವುದಿಲ್ಲ ಮಗಾ.
ಮೊಂಡಾಗುವ ತನಕ ಕೊಯ್ಯಿ, ಆಮೇಲೆ ಬಿಸಾಡು."
"ನಾಲ್ಕು ದಿನದ ಕೂಲಿ" ಅಂದ. ಅಂದು ಹೋಗದೆ ನಿಂತ.

ಹಿಂದಿನ ಗೋಡೆಯಲ್ಲಿ ಒಂಬತ್ತು ತೂಗುತ್ತಿವೆ,
ಹರಿತ ಮಾಡಲು ಕೊಟ್ಟವರು ತಿರುಗಿ ಬಾರದವು.
ಒಬ್ಬ ಮಲಿಂದಿಯಲ್ಲಿ ಮೋಟಾರ್‌ಬೈಕ್ ಓಡಿಸುತ್ತಾನಂತೆ,
ಮೂವರು ಮಣ್ಣಲ್ಲಿ,
ಒಬ್ಬ ತನಗೊಂದು ಗರಗಸವಿತ್ತೆಂಬುದನ್ನೇ ಮರೆತ.
ಉಪ್ಪುಗಾಳಿ ಮರೆಯುವುದಿಲ್ಲ.
ಹೊಸ ಚಂದ್ರ ಕಂಡ ಮರುದಿನ
ಒಂದೊಂದನ್ನೂ ಇಳಿಸಿ ಕೊಬ್ಬರಿ ಎಣ್ಣೆ ಸವರುತ್ತೇನೆ.
ಶಾರ್ಕ್ ಎಣ್ಣೆ ದೋಣಿಗಿರಲಿ,
ಅಲಗಿಗೆ ಹಚ್ಚಿದರೆ ಈ ಊರ ಬೆಕ್ಕುಗಳು ಮಲಗಲು ಬಿಡುವುದಿಲ್ಲ.

"ಒಂದು ಆರಿಸಿಕೋ" ಅಂದೆ.
ಹೊಳೆಯುವುದರ ಕಡೆಗೆ ಕೈ ಹೋಯಿತು. ಆ ವಯಸ್ಸಲ್ಲಿ ನನ್ನದೂ ಹೋಗುತ್ತಿತ್ತು.
"ಬಗ್ಗಿಸು. ಬಿಡು. ನೆಟ್ಟಗೆ ನಿಂತಿತೆ?
ಉಗುರಿಂದ ಚಿಮ್ಮು. ತಗಡಿನ ದನಿಯಾದರೆ ಅಲ್ಲೇ ತೂಗುಹಾಕು.
ದನಿ ಉಳಿಯಬೇಕು, ತಟ್ಟಿದ ಕಂಚಿನ ಹಾಗೆ.
ಹಿಡಿಯೊಳಗೆ ಮೂರೇ ಬೆರಳು. ತೋರುಬೆರಳು ಹೊರಗೆ,
ಮಗುವಿಗೆ ದಾರಿ ತೋರಿಸುವಂತೆ."

ಒಂದೊಂದನ್ನೂ ಚಿಮ್ಮಿದ, ಕಿವಿಯಿಟ್ಟ.
ಕೊನೆಗೆ ತೆಗೆದದ್ದು ಶೆಕುವೆಯದು.

ಬೇಡ ಅನ್ನಬಹುದಿತ್ತು.
"ಇಲ್ಲಿ ತಗ್ಗಿದೆ" ಅಂದ, ಹಿಡಿಯ ಮೇಲೆ ಹೆಬ್ಬೆರಳಿಟ್ಟು,
"ನನ್ನದು ಕೂರುತ್ತಿಲ್ಲ, ಕೆತ್ತಿ ಕೊಡುತ್ತೀಯ?"
"ಕೆತ್ತುವುದಿಲ್ಲ. ಕೂರುತ್ತದೆ, ಹೋಗು."

ಕಸ್ಕಾಜಿ ಬೀಸಲು ಶುರುವಾದ ವಾರ ಮರಳಿ ಬಂದ,
ಒಂದು ಕೈಯಲ್ಲಿ ಗರಗಸ, ಇನ್ನೊಂದರಲ್ಲಿ
ಓಲೆಗೆ ಪೋಣಿಸಿದ ನಾಲ್ಕು ಮೀನು.
ಬೆಳಕಿಗೆ ಹಿಡಿದೆ. ನಡುವೆ ತಗ್ಗು.
"ಅವಸರ" ಅಂದೆ. ನಕ್ಕ.
ಅಪ್ಪ ಮಾಡಿಟ್ಟ ಕಾಂಡ್ಲಾ ಮರದ ಇಕ್ಕಳದಲ್ಲಿ ಅಲಗು ಸಿಕ್ಕಿಸಿ
ಮೊದಲು ಚಪ್ಪಟೆ ಅರ ಓಡಿಸಿದೆ, ಎತ್ತರದವು
ತಗ್ಗಿನವಕ್ಕೆ ಸಮ ಬರುವ ತನಕ.
ಶೆಕುವೆ ಉಳಿಸಿಹೋದ ತುದಿಗಳು
ಬೂದಿಬಣ್ಣದ ಪುಡಿಯಾಗಿ ಕಾಂಗಾದ ಮೇಲೆ ಬಿದ್ದವು.
ಕೊಡವಿಕೊಂಡೆ.
ಮೂರಂಚಿನ ಅರ ತೆಗೆದುಕೊಂಡೆ. ಮೊದಲ ಹಲ್ಲು.
ಕಿರಿಚಿತು.