ಒಣ ತೂಕ

ಸೋಮವಾರ, ಗುರುವಾರ. ಬೆಳಗಿನ ಆರೂವರೆ.
ದುರ್ಗದ ದೊಡ್ಡಾಸ್ಪತ್ರೆಯ ಹಿಂಬಾಗಿಲಲ್ಲಿ
ಚಪ್ಪಲಿ ಬಿಟ್ಟು ತಕ್ಕಡಿ ಹತ್ತುತ್ತೇನೆ.
ಐವತ್ತೆಂಟು ಕೇಜಿ ನಾನೂರು ಗ್ರಾಂ.
ಒಣ ತೂಕ ಐವತ್ತಾರು, ಅನ್ನುತ್ತಾರೆ ಸಿಸ್ಟರ್ ಫಿಲೋಮಿನಾ.
ಎರಡು ಕೇಜಿ ನಾನೂರು ಗ್ರಾಂ ನೀರು,
ನನ್ನದಲ್ಲದ್ದು.

ನಗು ಬರುತ್ತದೆ.
ಭೀಮಸಮುದ್ರದ ದಾರಿಯ ವೇಬ್ರಿಡ್ಜಿನಲ್ಲಿ
ಹತ್ತೊಂಬತ್ತು ವರ್ಷ ಕೂತವನು ನಾನು.
ಖಾಲಿ ಗಾಡಿ ಒಳಗೆ, ತುಂಬಿದ ಗಾಡಿ ಹೊರಗೆ,
ಕಳೆದು ಬರೆ, ಚೀಟಿ ಹರಿ,
ಹಿಂದಿನವನು ಹಾರನ್ ಒತ್ತುವ ಮೊದಲು.
ಅದಿರಿನ ಧೂಳು ಹುಬ್ಬಿನಲ್ಲಿ, ರಿಜಿಸ್ಟರಿನ ಅಂಚಿನಲ್ಲಿ;
ಎಲೆಯಡಿಕೆಯ ಚಟವಿಲ್ಲದಿದ್ದರೂ ಉಗುಳಿದರೆ ಕೆಂಪು.
ನನ್ನ ಬನೀನು ಒಗೆದ ನೀರನ್ನು ಅಂಬುಜ
ದಾಸವಾಳದ ಬುಡಕ್ಕೆ ಸುರಿಯುತ್ತಿದ್ದಳು.
ಹೂ ಬಿಡುತ್ತಿತ್ತೋ ಇಲ್ಲವೋ, ನೆನಪಿಲ್ಲ.

ಈಗ ಮೈಯಲ್ಲಿ ಕಬ್ಬಿಣ ಸಾಲದಂತೆ.
ನನಗೆ!

ಲ್ಯಾಬಿನ ನಸ್ರೀನ್ ಮೂರು ತಿಂಗಳಿಗೊಮ್ಮೆ
ಮೆಶಿನ್ನಿಗೆ ಕಟ್ಟುವ ಮೊದಲೇ ಬಂದು
ಹಳದಿ ಮುಚ್ಚಳದ ನಳಿಕೆಗೆ ಒಂದಿಷ್ಟು,
ನೇರಳೆ ಮುಚ್ಚಳದ್ದಕ್ಕೆ ಒಂದಿಷ್ಟು ತುಂಬಿಕೊಳ್ಳುತ್ತಾಳೆ.
ಕೊಟ್ಟ ಇಂಜೆಕ್ಷನ್ನಿನ ಕಬ್ಬಿಣ ಒಳಗೆ ಅಲೆಯುತ್ತಿದ್ದರೆ
ಲೆಕ್ಕ ಕೆಡುತ್ತೆ, ಅದಕ್ಕೇ ಇಷ್ಟು ದಿನ ಕಾದೆ, ಅಂದಳು.

ಚೀಟಿ ಬಂತು.
ಹಿಮೋಗ್ಲೋಬಿನ್ ಎಂಟು ಪಾಯಿಂಟ್ ಒಂದು.
ಫೆರಿಟಿನ್ ಏಳುನೂರ ಹನ್ನೆರಡು.
ಸ್ಯಾಚುರೇಶನ್ ಶೇಕಡಾ ಹದಿಮೂರು.

ಪಕ್ಕದ ಮಂಚದ ಹೊಳಲ್ಕೆರೆ ಮೇಷ್ಟ್ರು ಇಣುಕಿ,
ಏಳ್ನೂರಾ? ನಂದು ಬರೀ ನೂರಾ ತೊಂಬತ್ತು ಕಣ್ರೀ, ಅಂತ
ಗೋಡೆಯ ಕಡೆ ಮುಖ ತಿರುಗಿಸಿದರು.

ನಸ್ರೀನ್ ಸ್ಟೂಲ್ ಎಳೆದುಕೊಂಡು ಕೂತಳು.
ಫೆರಿಟಿನ್ ಅಂದ್ರೆ ದಾಸ್ತಾನು, ಓಬಳಣ್ಣ. ಗೋಡೌನು ತುಂಬಿದೆ.
ಹೊತ್ತು ತಿರುಗೋ ಗಾಡಿಗಳಲ್ಲಿ ಮಾತ್ರ
ನೂರಕ್ಕೆ ಹದಿಮೂರು ಪಾಲು ಮಾಲು, ಮಿಕ್ಕಿದ್ದು ಗಾಳಿ.
ಮೂಳೆಯೊಳಗೆ ರಕ್ತ ಮಾಡೋರು ಕೈಕಟ್ಟಿ ಕೂತಿದ್ದಾರೆ.
ಬಾಗಿಲು ಹಾಕಿದ್ದು ಯಾರು, ಅಂದೆ.
ಲಿವರ್ರು. ಎಲ್ಲೋ ಕೀವು, ಎಲ್ಲೋ ಉರಿ ಇದ್ದರೆ
ಅದು ಆಳು ಕಳಿಸಿ ಬೀಗ ಜಡಿಸುತ್ತೆ.
ಇನ್ನೊಂದು, ಅಂದಳು ದನಿ ತಗ್ಗಿಸಿ,
ಅದೇ ಉರಿಗೆ ಫೆರಿಟಿನ್ನೂ ಉಬ್ಬುತ್ತೆ.
ಏಳುನೂರು ಅಂದ ಮಾತ್ರಕ್ಕೆ ಏಳುನೂರು ಅಂತ ನಂಬೋ ಹಾಗಿಲ್ಲ.

ನನಗೆ ಬಿಡಿಸಿ ಹೇಳಬೇಕೇ, ತಾಯಿ?
ಇಪ್ಪತ್ತಾರು ಟನ್ನಿನ ಗಾಡಿಗೆ
ಹದಿನಾರು ಅಂತ ಬರೆದವನು ನಾನು.
ಫಿಸ್ಟುಲಾ ಎಡಗೈಗೆ, ಗಂಟುಗಂಟಾಗಿ ಉಬ್ಬಿದೆ.
ಬರೆದದ್ದು ಬಲಗೈ. ಅದಕ್ಕೆ ಇನ್ನೂ ಒಂದು ಗಾಯವಿಲ್ಲ.

ಯಂತ್ರ ಸುಳ್ಳು ಹೇಳಲಿಲ್ಲ ಯಾವತ್ತೂ.
ಯಾವ ಚಕ್ರವನ್ನು ಹಲಗೆಯಿಂದ ಆಚೆ ನಿಲ್ಲಿಸಬೇಕು,
ಅಷ್ಟು ಗೊತ್ತಿದ್ದರೆ ಸಾಕಿತ್ತು.
ಒಂದಡಿ ಆಚೆ, ಹತ್ತು ಟನ್ನು ಮಾಯ.
ಗಾಡಿಗೆ ಐವತ್ತು ರೂಪಾಯಿ.
ನಮ್ಮ ನಡುಮನೆಯ ಮೊಸಾಯಿಕ್ ನೆಲ ಅದರದ್ದೇ.

ಅವಳಿಗೆ ಇದು ಹೇಳಲಿಲ್ಲ.
ಜ್ವರ? ಗಾಯ? ಹಲ್ಲುನೋವು? ಕೇಳುತ್ತಿದ್ದಳು.
ನಾಲಿಗೆ ತಾನಾಗೇ ಹೋಗಿ
ಬಲ ದವಡೆಯ ಕೊನೆಯ ಹಲ್ಲು ಮುಟ್ಟಿತು.
ಯುಗಾದಿಯಿಂದ ಅಲ್ಲಿ ಲವಂಗ ಒತ್ತಿಕೊಂಡೇ ಇದ್ದೇನೆ.
ಬಾಯಿ ತೆರೆದೆ.
ಮೊಬೈಲಿನ ಬೆಳಕು ಬಿಟ್ಟು ನೋಡಿ, ಅವಳು
ಮೂಗಿಗೆ ದುಪಟ್ಟಾ ಒತ್ತಿ ಡಾಕ್ಟರನ್ನು ಕರೆದಳು.
ಮೊದಲು ಇದು ಕೀಳಿಸಿ, ಅಂದರು ಅವರು,
ಕಬ್ಬಿಣದ ಮಾತು ಆಮೇಲೆ.

ಮಂಗಳವಾರ ಕಿತ್ತರು.
ತೊಳೆದು, ಹತ್ತಿಯಲ್ಲಿ ಸುತ್ತಿ ಕೈಗಿಟ್ಟರು.
ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡೆ.

ಗುರುವಾರ. ಐವತ್ತೆಂಟು ಕೇಜಿ ಮುನ್ನೂರು ಗ್ರಾಂ.
ಜೇಬು ಖಾಲಿ ಮಾಡು ಅಂತ ಯಾರೂ ಅನ್ನಲಿಲ್ಲ.
ನಾನೇ ಇಳಿದು ತೆಗೆದಿಟ್ಟೆ:
ಬೀಗದಕೈ, ಬಸ್ಸಿನ ಚಿಲ್ಲರೆ, ಆ ಹತ್ತಿಯುಂಡೆ.
ಮತ್ತೆ ಹತ್ತಿದೆ.
ಎರಡೂ ಪಾದ ಹಲಗೆಯ ಒಳಗೇ ಇವೆಯಾ ಅಂತ
ಬಗ್ಗಿ ನೋಡಿಕೊಂಡೆ.
ಈಗ ಬರ್ಕೊಳ್ಳಿ, ಸಿಸ್ಟರ್.